ತೊಳೆದುಹೋದ ಅರ್ಧ ಗಡಿಗೆ

ಹೊಸ ಗಂಗೂರು
೨೨೧೪, ಬಿಸಿಮಾಸದ ಮೂವತ್ತೆರಡು

ಹಿಂದಿನ ಕಾಲದ ಹಿರಿಯರಿಗೆ ಶರಣು.

ಬಿಸಿಮಾಸ ಯಾವುದೆಂದು ಹುಬ್ಬೇರಿಸಬೇಡಿ. ಬೇಸಿಗೆ ನಿಮ್ಮ ಹನ್ನೆರಡು ತಿಂಗಳಲ್ಲಿ ಹಿಡಿಸದಾದಾಗ ನಮ್ಮ ಅಜ್ಜಂದಿರು ಹದಿಮೂರನೆಯದನ್ನು ಸೇರಿಸಿಕೊಂಡರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಕಥೆ ನಿಮಗೆ ತಿಳಿಯುವಂಥದ್ದೇ. ನನ್ನ ಹೆಸರು ಯಮನೂರಪ್ಪ. ಊರಿಂದೂರಿಗೆ ಹೆಪ್ಪು ಸಾಗಿಸುವುದು ನನ್ನ ಕೆಲಸವಾಗಿತ್ತು.

ನಮ್ಮಲ್ಲಿ ದನಕರುಗಳಿಲ್ಲ. ಸೊಪ್ಪು ಅರೆದು ತೊಟ್ಟಿಯಲ್ಲಿ ಹುದುಗಿಸಿ ತೆಗೆಯುವ ಹಾಲಿಗೆ ಎಲೆಹಾಲು ಎನ್ನುತ್ತೇವೆ. ಹಾಗೇ ಕುಡಿಸಿದರೆ ಮಕ್ಕಳ ಹೊಟ್ಟೆ ಕೆಡುತ್ತದೆ, ಮೊಸರು ಮಾಡಿದರೆ ಮೈಗೆ ಹತ್ತುತ್ತದೆ. ಆದರೆ ಒಂದೊಂದು ಊರಿನ ಎಲೆಹಾಲು ಆ ಊರಿನ ಹೆಪ್ಪಿಗೆ ಮಾತ್ರ ಒಲಿಯುತ್ತದೆ. ಗಂಗೂರಿನ ಹೆಪ್ಪು ನಿಮ್ಮ ಕಾಲದ ಎಮ್ಮೆಹಾಲಿನಿಂದ ಕೈಯಿಂದ ಕೈಗೆ ಬಂದದ್ದು. ಗಡಿಗೆ ಬೋರಲು ಹಾಕಿದರೂ ಅದರ ಮೊಸರು ಬೀಳುತ್ತಿರಲಿಲ್ಲ.

ನದಿ ಊರೊಳಗೆ ಬಂದ ವರ್ಷ ಜನ ಗುಡ್ಡ ಹತ್ತಿದರು. ಅಲ್ಲಿ ತೊಟ್ಟಿ ಕಟ್ಟುವ ತನಕ ಹೆಪ್ಪು ಕಾಯುವ ಕೆಲಸವನ್ನು ಕಾಪುಮನೆಗೆ ಗುತ್ತಿಗೆ ಕೊಟ್ಟರು. ಕಾಪುಮನೆಯೆಂದರೆ ಹತ್ತಾರು ಊರುಗಳ ಹೆಪ್ಪನ್ನು ಜೀವಂತವಾಗಿ ಇಡುವ ತಂಪು ಕಟ್ಟಡ. ಅವರು ಸಾಗಣೆಯನ್ನು ನಮ್ಮಂಥವರಿಗೆ ಒಳಗುತ್ತಿಗೆ ಕೊಟ್ಟರು. ದಾರಿಯಲ್ಲಿ ಹೆಪ್ಪು ಸತ್ತಿತೆಂದು ಹೇಳಿದವನಿಗೆ ಮತ್ತೆ ಕೆಲಸವಿಲ್ಲ ಎಂದು ಕರಾರಿನಲ್ಲಿತ್ತು. ನಾವು ಜೋಪಾನವಾಗಿರಲೆಂದು ಬರೆದ ಮಾತು. ಅದರಿಂದ ನಾವು ಕಲಿತದ್ದು ಬಾಯಿ ಮುಚ್ಚಿಕೊಳ್ಳುವುದನ್ನು.

ಗಂಗೂರಿನ ಗಡಿಗೆ ಹೊತ್ತು ಹೊರಟ ಎರಡನೆಯ ದಿನ ನನ್ನ ಗಾಡಿಯ ತಂಪುಪೆಟ್ಟಿಗೆ ಕೆಟ್ಟಿತು. ಮಧ್ಯಾಹ್ನ ಮುಚ್ಚಳ ತೆಗೆದರೆ ಕೊಳೆತ ನೀರು, ಮೇಲೆ ಗುಲಾಬಿ ಬಣ್ಣದ ಬೂಷ್ಟು. ಅದನ್ನು ಚೆಲ್ಲಿ, ಮುಂದಿನ ಚಹಾದಂಗಡಿಯಲ್ಲಿ ಮೊಸರು ಕೊಂಡು ಗಡಿಗೆಗೆ ಸುರಿದೆ. ಅಂಗಡಿಯ ಮೊಸರೆಂದರೆ ಬಹುಪಾಲು ಹಿಟ್ಟಿನ ಗಂಜಿ. ಅದು ಹೆಪ್ಪಾಗದೆಂದು ನನಗೆ ಗೊತ್ತಿತ್ತು.

ಹೊಸ ಊರಿನ ಅಗಸೆಬಾಗಿಲಲ್ಲಿ ಎಲ್ಲರೂ ಕಾಯುತ್ತಿದ್ದರು. ಹೆಪ್ಪಿನ ಯಜಮಾನಿ ಸಾಂವಕ್ಕ ಹಲ್ಲಿಲ್ಲದ ಬಾಯಿ ತುಂಬ ನಕ್ಕು, "ದಾರ್ಯಾಗ ಏನೂ ಆಗ್ಲಿಲ್ಲಲ್ಲೋ ತಮ್ಮಾ?" ಎಂದಳು.

"ಏನಿಲ್ಲ ಬೇ ಯವ್ವಾ, ಕೂಸಿನ್ಹಂಗ ತಂದೀನಿ" ಎಂದೆ.

"ಕೂಸು ಹೊತ್ತವ್ರು ಇಷ್ಟು ಬೆವರೂದಿಲ್ಲ ಬಿಡಪಾ!" ಎಂದು ಅವಳ ಸೊಸೆ ಚೇಷ್ಟೆ ಮಾಡಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಬಂದ ಹೆಪ್ಪನ್ನು ಹೊಸ ಹಾಲಿಗೆ ಹಾಕುವ ಮೊದಲು ಮೂಸಬಾರದು, ನಾಲಿಗೆಗೆ ತಾಗಿಸಬಾರದು ಎಂಬುದು ಗಂಗೂರಿನ ಪದ್ಧತಿ, ಎಂಜಲು ಅದಕ್ಕೆ ಆಗಿಬರುವುದಿಲ್ಲವಂತೆ. ಸಾಂವಕ್ಕ ನನ್ನ ಮಾತನ್ನೇ ನಂಬಿ ಕಾಪುಮನೆಗೆ "ಮುಟ್ಟಿತು, ಚಲೋ ಐತಿ" ಎಂದು ಸುದ್ದಿ ಕಳಿಸಿದಳು.

ಮರುದಿನ ಬೆಳಿಗ್ಗೆ ಹಾಲು ಹಾಲಾಗಿಯೇ ಇತ್ತು. ಸಾಂವಕ್ಕ ಬೆರಳದ್ದಿ ನೆಕ್ಕಿ, ಬೈಯದೆ, "ಇದು ನಮ್ದಲ್ಲ. ಖರೇ ಹೇಳು" ಎಂದಳು. ಹೇಳಿಬಿಟ್ಟೆ. ಕಾಪುಮನೆಯ ಖಾಜಾಬಿಯನ್ನು ದೂರದನಿಯಲ್ಲಿ, ಅಂದರೆ ನಿಮ್ಮ ಫೋನಿನಂಥದ್ದರಲ್ಲಿ, ಕರೆದೆವು. ಅವಳು ಹಣೆ ಬಡಿದುಕೊಂಡ ಸದ್ದು ನಮಗೆ ಕೇಳಿಸಿತು.

"ಅರ್ಧಾ ಇಲ್ಲೇ ಇಟ್ಟಿದ್ನಲ್ಲೋ ಯಮನೂರ್‍ಯಾ! ಮುಟ್ಟಿತು ಅಂತ ಸುದ್ದಿ ಬಂತು, ನಿನ್ನೆ ಸಂಜಿಮುಂದ ಗಡಿಗಿ ತೊಳದೆ!"

ಪ್ರತಿ ಊರಿನ ಹೆಪ್ಪಿನಲ್ಲೂ ಅರ್ಧವನ್ನು, ಸುದ್ದಿ ಬರುವ ತನಕ, ಕಾಪುಮನೆಯಲ್ಲಿ ಉಳಿಸಿಕೊಳ್ಳುತ್ತಿದ್ದರಂತೆ. ಗೊತ್ತಾದರೆ ಸಾಗಿಸುವವರು ಉಡಾಫೆ ಮಾಡುತ್ತಾರೆಂದು ನಮಗೆ ಹೇಳುತ್ತಿರಲಿಲ್ಲ. ಊರಿನವರಿಗೂ ಹೇಳಿರಲಿಲ್ಲ.

ಸಾಂವಕ್ಕ ತೀರಿಕೊಂಡು ಹನ್ನೊಂದು ವರ್ಷವಾಯಿತು. ಮೊಸರಿಲ್ಲದೆ ಇಲ್ಲಿನ ಮಕ್ಕಳು ಈಗ ಎಲೆಹಾಲು ಬತ್ತಿಸಿ ಕೊಳವೆಯಿಂದ ಹಿಂಡುವ ಬೂದು ಹಿಟ್ಟು ತಿನ್ನುತ್ತಾರೆ. ನಾನು ಈ ಊರಲ್ಲೇ ಉಳಿದು ಅವರ ತೊಟ್ಟಿಗೆ ಸೊಪ್ಪು ಅರೆಯುತ್ತೇನೆ. ಯಾರೂ ಹೋಗೆನ್ನಲಿಲ್ಲ.

ನಿಮ್ಮಲ್ಲಿ ಇನ್ನೂ ಎಮ್ಮೆಗಳಿವೆ, ಆ ಹೆಪ್ಪೂ ಇದೆ. ಯಾರಿಗಾದರೂ ಒಪ್ಪಿಸುವುದಾದರೆ ಅರ್ಧ ಎಲ್ಲಿದೆಯೆಂದು ಹೊತ್ತವನಿಗೂ ಹೇಳಿ. ಅವನು ಬಂದಾಗ ಅಗಸೆಯಲ್ಲಿ ನಿಲ್ಲಿಸಿ ಕೇಳಬೇಡಿ. ಒಳಗೆ ಕೂರಿಸಿ, ನೀರು ಕೊಟ್ಟು, ಏನು ಕೆಟ್ಟಿತೆಂದು ಕೇಳಿ. ಕೆಟ್ಟದ್ದನ್ನು ಹೇಳಿದವನನ್ನು ಮುಂದಿನ ಸಲವೂ ಕರೆಯಿರಿ.

ಹೀಗೆಲ್ಲ ಬರೆಯುತ್ತೇನಾದರೂ, ಸಾಂವಕ್ಕ ನನ್ನನ್ನು ಕೇಳಿದ್ದಳು. ಅವಳು ಕೇಳಿದಾಗ ಖಾಜಾಬಿ ಆ ಗಡಿಗೆಯನ್ನು ಇನ್ನೂ ತೊಳೆದಿರಲಿಲ್ಲ.

ಶರಣು.

ಯಮನೂರಪ್ಪ