ಬಲಗಡೆ ಬಿದ್ದುಹೋದ ನಂಬರು

ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ 10.40

ಪ್ರೆಸ್ಸಿನಲ್ಲಿ ಮದುವೆ ಕಾರ್ಡು. ಮೂರನೇ ಪ್ರೂಫ್. ವರನ ಚಿಕ್ಕಪ್ಪನ ಹೆಸರಿನ ಮುಂದೆ ಡಿಗ್ರಿ ಬಿಟ್ಟುಹೋಗಿದೆಯಂತೆ. ಹಾಕಿದೆ. ಹೂವಿನ ಬಾರ್ಡರನ್ನು ಎರಡು ಮಿಲಿಮೀಟರ್ ಕೆಳಗಿಳಿಸಿದೆ. ರಜೆ ತಗೋ ಅಂದರು ಮಾಲಕರು. ತೆಗೆದುಕೊಂಡು ಎಲ್ಲಿಗೆ ಹೋಗಲಿ? ಹುಡುಕುವ ಜಾಗಗಳೆಲ್ಲ ಮುಗಿದವು.

ಅಪ್ಪ ಮನೆಯಿಂದ ಹೋಗಿ ಇವತ್ತಿಗೆ ಐದು ದಿನ. ಶುಕ್ರವಾರ ನಾನು ಪ್ರೆಸ್ಸಿಗೆಂದು ಅಬಿಡ್ಸ್ ಬಸ್ಸಿಗೆ, ತಮ್ಮ ಕಲ್ಲೇಶ ಫ್ಯಾಕ್ಟರಿಗೆ. ಅಷ್ಟರಲ್ಲೇ ಚಪ್ಪಲಿ ಮೆಟ್ಟಿ ಹೊರಟನಂತೆ. ಎದುರುಮನೆಯವರು ಕೇಳಿದ್ದಕ್ಕೆ "ಸ್ಲ್ಯಾಬ್ ಹಾಕೂದೈತಿ" ಅಂದನಂತೆ. ಗೌಂಡಿ ಕೆಲಸ ಬಿಟ್ಟು ಒಂಬತ್ತು ವರ್ಷ. ನೆನಪು ಕೈಕೊಟ್ಟು ಎರಡು ವರ್ಷ. ಒಂದೊಂದು ದಿನ ನನ್ನನ್ನೇ "ಯಾರವ್ವ ನೀ" ಅನ್ನುತ್ತಾನೆ. ಹೊರಗಿನಿಂದ ಚಿಲಕ ಹಾಕೋಣ ಅಂದಿದ್ದ ಕಲ್ಲೇಶ. ಅಪ್ಪನೇನು ದನವೇ ಅಂತ ನಾನೇ ಜಗಳ ತೆಗೆದಿದ್ದೆ.

ಪೊಲೀಸ್ ಸ್ಟೇಷನ್ನಿನಲ್ಲಿ ಬರೆಸಿಯಾಯಿತು. ಆಸ್ಪತ್ರೆಗಳನ್ನು ನೋಡಿಯಾಯಿತು. ಹ್ಯಾಂಡ್‌ಬಿಲ್ಲು ನಾನೇ ಮಾಡಿದೆ. ಎಡಕ್ಕೆ ಅಪ್ಪನ ಫೋಟೊ, ಕೆಳಗೆ ಹೆಸರು ಬೂದೆಪ್ಪ, ಬಲಕ್ಕೆ ಕೆಂಪಗೆ ನನ್ನ ನಂಬರು, ಅಡಿಗೆ ತೆಲುಗಿನಲ್ಲೂ ಕನ್ನಡದಲ್ಲೂ ಎರಡೆರಡು ಸಾಲು. ಭಾನುವಾರ ನಾವಿರುವ ಸನತ್‌ನಗರದ ಗೋಡೆಗಳಿಗೆಲ್ಲ ಅಂಟಿಸಿದೆವು. ಸೋಮವಾರ ನೋಡಿದರೆ ಅದರ ಮೇಲೆ ಹಾಸ್ಟೆಲ್ಲಿನ ಪೋಸ್ಟರ್.

ಸಂಜೆ 4.15

ಹ್ಯಾಂಡ್‌ಬಿಲ್ಲಿನ ಫೋಟೊ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿ ನನಗೇ ವಾಪಸ್ ಬಂತು. ಮಸುಕು. ನಂಬರಿನಲ್ಲಿ ಮೂರೋ ಎಂಟೋ ನನಗೇ ತಿಳಿಯಲಿಲ್ಲ. ಮಹಡಿ ಮೇಲೆ ವೆಬ್‌ಸೈಟ್ ಮಾಡುವ ಕೃಪಾ — ರಾಯಚೂರಿನವಳು — ನೋಡಿ ತಲೆ ಚಚ್ಚಿಕೊಂಡಳು.

"ಅಕ್ಕಾ, ಫೋಟೊ ಕಳಸಬ್ಯಾಡ. ಒಂದು ಪೇಜ್ ಮಾಡಿ ಲಿಂಕ್ ಕಳಸು. ನಂಬರ್ ಒತ್ತಿದ್ರ ಸೀದಾ ನಿನಗ ಫೋನ್ ಬರ್ತೈತಿ."

"ನನಗೆಲ್ಲಿ ಬರ್ತೈತಿ ಅದೆಲ್ಲಾ?"

"ಹನ್ನೆರಡು ವರ್ಷ ಡಿಟಿಪಿ ಮಾಡೀಯಲ್ಲ. ಅದರಂಗನ ಇದು."

ಅದರಂತೆಯೇ ಅಂತೆ. ನೋಡೋಣ.

ಫೆಬ್ರವರಿ 12, ಬುಧವಾರ. ಮಧ್ಯಾಹ್ನ 1.30

ಕೃಪಾ ಇಂಟರ್ನೆಟ್ಟಿನಲ್ಲಿ ಜಾಗ ಮಾಡಿಕೊಟ್ಟಳು. ಎಷ್ಟು ಜನ ನೋಡಿದರು ಅನ್ನುವ ಲೆಕ್ಕದ ಮೀಟರನ್ನೂ ಕೂಡಿಸಿದಳು. ಬೆಳಿಗ್ಗೆ ರೈಲು ಹತ್ತಿಬಿಟ್ಟಳು, ಅಕ್ಕನ ಹೆರಿಗೆ. ಇನ್ನು ನಾನು ಮತ್ತು ಅವಳ ವಾಯ್ಸ್ ಮೆಸೇಜು.

ಪೇಜಿನ ಅಗಲ 148 ಮಿಲಿಮೀಟರ್ ಕೊಟ್ಟೆ. ಹ್ಯಾಂಡ್‌ಬಿಲ್ಲಿನ ಅಳತೆಯೇ. ಫೋಟೊ ಎಡಕ್ಕೆ, ನಂಬರು ಬಲಕ್ಕೆ. ಪ್ರೆಸ್ಸಿನ ಮಾನಿಟರಿನಲ್ಲಿ ಮುತ್ತಿನ ಹಾಗೆ ಕೂತಿತು. ಬುತ್ತಿ ತಂದ ಕಲ್ಲೇಶನ ಫೋನಿನಲ್ಲಿ ತೆರೆದರೆ ಅಕ್ಷರ ಸಾಸಿವೆಕಾಳು.

"ಇದನ್ನ ಇರುವಿ ಓದಬೇಕೇನ?" ಅಂದ.

ಕೃಪಾಳ ಉತ್ತರ: ವ್ಯೂಪೋರ್ಟ್ ಅನ್ನುವ ಒಂದು ಸಾಲು ಮರೆತಿದ್ದೇನೆ. ಅದಿಲ್ಲದಿದ್ದರೆ ಫೋನು ತನ್ನನ್ನು ಕಂಪ್ಯೂಟರ್ ಅಂತ ತಿಳಿದು ಎಲ್ಲವನ್ನೂ ಸಣ್ಣದು ಮಾಡುತ್ತದಂತೆ. ಸೇರಿಸಿದೆ. ಅಕ್ಷರ ದೊಡ್ಡದಾಯಿತು. ಆದರೆ ಈಗ ಪೇಜು ಬೆರಳಿಗೆ ಅತ್ತ ಇತ್ತ ಜಾರುತ್ತದೆ. ನನ್ನ ಫೋನಿನಲ್ಲಿ ಜಾರುವುದಿಲ್ಲ, ಕಲ್ಲೇಶನದರಲ್ಲಿ ಜಾರುತ್ತದೆ. ಯಾಕೆ? ಪೇಜು ಒಂದೇ ಅಲ್ಲವೇ? ಅವನ ಫೋನು ಎರಡು ಸಲ ಫ್ಯಾಕ್ಟರಿ ನೆಲಕ್ಕೆ ಬಿದ್ದದ್ದು, ಅದಕ್ಕೇ ಇರಬೇಕು.

3.20

ನೆಟ್ಟಿನಲ್ಲಿ ಹುಡುಕಿದೆ. ಪೇಜು ಪಕ್ಕಕ್ಕೆ ಜಾರಿದರೆ ಓವರ್‌ಫ್ಲೋ ಹಿಡನ್ ಅಂತ ಬರೆಯಬೇಕಂತೆ. ಬರೆದೆ. ಕಲ್ಲೇಶ ಫ್ಯಾಕ್ಟರಿಯಿಂದ ಫೋನ್ ಮಾಡಿ ಹೇಳಿದ, "ಈಗ ಜಾರಾಂಗಿಲ್ಲ. ಗಟ್ಟಿ ಕುಂತೈತಿ." ನನ್ನ ಫೋನಿನಲ್ಲೂ ನೋಡಿದೆ, ಫೋಟೊ, ಹೆಸರು, ನಂಬರು, ಎಲ್ಲ ಇಟ್ಟಲ್ಲೇ ಇವೆ.

ಶಹಭಾಸ್ ಶಾಂಭವಿ. ಲಿಂಕನ್ನು ನಲವತ್ತು ಗ್ರೂಪಿಗೆ ಕಳಿಸಿದೆ. ಗುಡಿ ಗ್ರೂಪು, ಚೀಟಿ ಹಣದ ಗ್ರೂಪು, ಊರ ಕಡೆಯ ಗ್ರೂಪು, ಒಂದನ್ನೂ ಬಿಡಲಿಲ್ಲ.

ಫೆಬ್ರವರಿ 13, ಗುರುವಾರ

212 ಜನ ನೋಡಿದ್ದಾರೆ. ಫೋನ್ ಇಲ್ಲ. ಚಾರ್ಜರ್ ಹಚ್ಚಿಯೇ ಇಟ್ಟಿದ್ದೇನೆ. ಸ್ನಾನಕ್ಕೂ ಫೋನು ಒಳಗೆ ಒಯ್ದೆ.

ಫೆಬ್ರವರಿ 15, ಶನಿವಾರ

1,140.

ಸಾವಿರ ಜನ! ಒಬ್ಬರಿಗಾದರೂ ಮಾತಾಡಬೇಕು ಅನ್ನಿಸಲಿಲ್ಲವೇ? ಕಂಡಿಲ್ಲ ಅಂತಲಾದರೂ ಹೇಳಬಾರದೇ? ಹಾಳಾಗಿ ಹೋಗಲಿ ಈ ಜನ. ಸುಮ್ಮನೆ ನೋಡುವುದು, ಪಾಪ ಅನ್ನುವುದು, ಫಾರ್ವರ್ಡ್ ಮಾಡುವುದು. ಮಧ್ಯಾಹ್ನ ಒಂದು ಕರೆ ಬಂತು. ಹಳೇ ಹ್ಯಾಂಡ್‌ಬಿಲ್ ನೋಡಿದವನು. ಪ್ರಿಂಟಿಂಗ್ ಛಲೋ ಇದೆ, ತನ್ನ ಅಂಗಡಿಗೂ ಮಾಡಿಕೊಡುತ್ತೀಯಾ ಅಂದ. ಬೈದು ಇಟ್ಟೆ. ಆಮೇಲೆ ಅತ್ತೆ.

ಫೆಬ್ರವರಿ 18, ಮಂಗಳವಾರ. ಸಂಜೆ 5

ಎರಡು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಇವತ್ತು ಇದೆ.

ಅಪ್ಪ ಕೊನೆಗೆ ಕೆಲಸ ಮಾಡಿದ್ದು ಗಚ್ಚಿಬೌಲಿ ಕಡೆ, ಇಷ್ಟು ದಿನ ಹೊಳೆದಿರಲಿಲ್ಲ. ಕಲ್ಲೇಶ ಅರ್ಧ ದಿನ ರಜೆ ಹಾಕಿದ. ಬೆಳಿಗ್ಗೆಯಿಂದ ಟವರುಗಳ ಹಿಂದಿನ ಲೇಬರ್ ಶೆಡ್ಡುಗಳನ್ನು ಸುತ್ತಿದೆವು. ಎಲ್ಲ ನಮ್ಮ ಕಡೆಯ ಮಂದಿಯೇ, ಯಾದಗಿರಿ, ಸುರಪುರ, ದೇವದುರ್ಗ. ಒಂದು ಸೈಟಿನಲ್ಲಿ ಅಂಬವ್ವ ಅನ್ನುವ ಹೆಂಗಸು ಇಟ್ಟಂಗಿ ಹೊರುವುದನ್ನು ಬಿಟ್ಟು ಊಟಕ್ಕೆ ಕೂತಿದ್ದಳು. ಅಪ್ಪನ ಫೋಟೊ ತೋರಿಸಿದೆ. ದಿಟ್ಟಿಸಿ ನೋಡಿದಳು.

"ಅಯ್ಯ, ಈ ಮುತ್ಯಾ ಹೋದ ಶುಕ್ರವಾರ ಇಲ್ಲಿಗೆ ಬಂದಿದ್ನಲ್ಲಬೇ. ಗ್ವಾಡಿ ಸೊಟ್ಟ ಐತಿ ಅಂತ ಎಲ್ಲಾರನ್ನೂ ಬೈದಾ. ಚಾ ಕೊಟ್ವಿ, ಕುಡುದು ಹೋದಾ."

"ನೀವು ನನಗ ಯಾಕ ಫೋನ್ ಮಾಡಲಿಲ್ಲವ್ವಾ? ಲಿಂಕ್ ಬಂದಿರಲಿಲ್ಲೇನು ನಿಮಗ?"

"ಬಂದಿತ್ತು. ಅದೇ ದಿನ ಸಂಜಿಗೆ ನೋಡೀವಿ. ಮಾರಿ ಕುದುರಿ ಮಾರಿ ಆದಂಗ ಉದ್ದ ಇತ್ತು, ಆದ್ರೂ ಅಂವನ ಇರಬೇಕಂತ ಅನಸ್ತು. ಫೋನ್ ಮಾಡೋಣಂದ್ರ ನಂಬರ ಎಲ್ಲೈತಿ ಅದರಾಗ?"

ಫೋನ್ ತೆಗೆದು ತೋರಿಸಿದಳು. ಅಪ್ಪನ ಫೋಟೊ. ಹೆಸರು. ಪಕ್ಕದಲ್ಲಿ ಕೆಂಪು ಅಕ್ಷರದ ಒಂದು ಚೂರು, ಅರ್ಧ ಒಂಬತ್ತು. ಅಷ್ಟೇ. ಉಳಿದ ನಂಬರೆಲ್ಲ ಪರದೆಯ ಹೊರಗೆ. ಬೆರಳಿನಿಂದ ಎಳೆದೆ. ಬರಲಿಲ್ಲ. ಮತ್ತೆ ಎಳೆದೆ. ಜಾರದ ಹಾಗೆ ಗಟ್ಟಿ ಕೂರಿಸಿದವಳು ನಾನೇ.

ಕಲ್ಲೇಶನಿಗೆ ಗೊತ್ತಾಗಲಿಲ್ಲವೇ? ಅವನಿಗೆ ನನ್ನ ನಂಬರು ಬಾಯಿಪಾಠ. ಅವನು ಅದನ್ನು ಯಾಕೆ ಹುಡುಕುತ್ತಾನೆ.

ಫೆಬ್ರವರಿ 19, ಬುಧವಾರ. ಬೆಳಿಗ್ಗೆ 9

ಆದರೆ ನನ್ನ ಫೋನಿನಲ್ಲಿ ಯಾಕೆ ಎಲ್ಲ ಕಾಣುತ್ತಿತ್ತು? ಇದೇ ಪ್ರಶ್ನೆ ತಲೆ ತಿನ್ನುತ್ತಿದೆ. ಕೃಪಾಗೆ ಫೋನ್ ಮಾಡಿದೆ. ಹಿಂದೆ ಕೂಸು ಅಳುತ್ತಿತ್ತು.

"ಅಕ್ಕಾ, ನಿನ್ನ ಬ್ರೌಸರಿನ್ಯಾಗ ಡೆಸ್ಕ್‌ಟಾಪ್ ಸೈಟ್ ಅಂತ ಟಿಕ್ ಐತೇನು ನೋಡು."

ಇದೆ. ಕಾಗದದ ಕಂಪನಿಯ ಸ್ಟಾಕ್ ನೋಡಲು ಎಂದೋ ನಾನೇ ಹಾಕಿದ ಟಿಕ್ಕು. ನನ್ನ ಫೋನು ಇಷ್ಟು ದಿನ ಕಂಪ್ಯೂಟರಿನ ವೇಷ ಹಾಕಿಕೊಂಡು ನನಗೆ ಹ್ಯಾಂಡ್‌ಬಿಲ್ಲು ತೋರಿಸುತ್ತಿತ್ತು. ಟಿಕ್ ತೆಗೆದೆ. ಅರ್ಧ ಒಂಬತ್ತು.

"ನಾ ಸುಳ್ಳು ಸುಳ್ಳೇ ಜನರನ್ನ ಬೈದೆ ಕೃಪಾ. ಶುಕ್ರವಾರನ ಸಿಗತಿದ್ದ ಅಪ್ಪ."

"ಅಳಬ್ಯಾಡ ಸುಮ್ನಿರು. ಮೊದಲ ಆ ಮಿಲಿಮೀಟರ್ ತಗಿ. ಎಲ್ಲಾರ ಫೋನೂ ಒಂದಽ ಅಗಲ ಇರತಾವೇನು?"

ಇರುವುದಿಲ್ಲ. ಗೊತ್ತಿತ್ತು. ಗೊತ್ತಿದ್ದೂ ಹನ್ನೆರಡು ವರ್ಷದ ಕೈ ಅಳತೆ ಕೊಟ್ಟೇ ಕೊಡುತ್ತದೆ. ಕಾಗದದ ಮೇಲೆ ನಾನು ಎಲ್ಲಿಟ್ಟರೆ ಅಲ್ಲೇ ಇರುತ್ತದೆ. ಇಲ್ಲಿ ಕಾಗದವೇ ಇಲ್ಲ. ನೋಡುವವರ ಕೈಯಲ್ಲಿ ಏನಿದೆಯೋ ಅದೇ ಕಾಗದ.

12.45

ವಿಡ್ತ್ ತೆಗೆದು ಮ್ಯಾಕ್ಸ್-ವಿಡ್ತ್ ಹಾಕಿದೆ: ಇದಕ್ಕಿಂತ ದೊಡ್ಡದಾಗಬೇಡ, ಸಣ್ಣದಾದರೆ ಆಗು. ಅಂಚಿನಾಚೆಯದನ್ನು ಮುಚ್ಚಿಟ್ಟಿದ್ದ ಓವರ್‌ಫ್ಲೋ ಹಿಡನ್ ಅಳಿಸಿದೆ. ಫ್ಲೆಕ್ಸ್-ರ‍್ಯಾಪ್ ಅಂತ ಬರೆದೆ. ಪಕ್ಕದಲ್ಲಿ ಜಾಗ ಸಾಲದಿದ್ದರೆ ನಂಬರು ಫೋಟೊದ ಕೆಳಗೆ ಇಳಿಯಬೇಕು. ಇಳಿಯಿತು! ಇಳಿದು ತೆಲುಗು ಸಾಲುಗಳ ಮೇಲೆಯೇ ಕೂತಿತು. ಎರಡೂ ಓದಲಿಕ್ಕೆ ಬರುವುದಿಲ್ಲ. ಅಯ್ಯೋ ಶಿವನೇ.

"ಫೋಟೊ, ನಂಬರ ಇರೋ ಪೆಟಗಿಗೆ ಎತ್ತರ ಯಾಕ ಕೊಟ್ಟಿ?" ಅಂದಳು ಕೃಪಾ. "ತುಂಬಿದಷ್ಟು ಬೆಳೀಲಿ ಬಿಡು."

ಅಪ್ಪನ ಫೋಟೊಗೂ ಎತ್ತರ ಕೊಟ್ಟಿದ್ದೆ. ಅಗಲ ಕುಗ್ಗಿ, ಎತ್ತರ ಕುಗ್ಗದೆ ಮುಖ ಕುದುರೆಯಾದದ್ದು ಅದಕ್ಕೆ. ಹೈಟ್ ಆಟೊ ಅಂತ ಬರೆದೆ. ಅಪ್ಪ ಅಪ್ಪನಾದ. ಅಗಲ ಹಣೆ, ಒಂದು ಕಡೆ ಎತ್ತಿದ ಹುಬ್ಬು. ಬಹಳ ಹೊತ್ತು ನೋಡಿದೆ. ಮಾಲಕರು ಬಂದು ನೋಡಿ ಹೋದರು. ಮದುವೆ ಕಾರ್ಡು ಹಾಗೇ ಬಿದ್ದಿದೆ.

ಫೆಬ್ರವರಿ 20, ಗುರುವಾರ. ಮಧ್ಯಾಹ್ನ 2

ಇನ್ನು ನನ್ನ ಫೋನನ್ನು ನಂಬುವವಳಲ್ಲ. ಕಲ್ಲೇಶನ ಫ್ಯಾಕ್ಟರಿ ಗೇಟಿಗೆ ಊಟದ ಹೊತ್ತಿಗೆ ಹೋಗಿ ನಿಂತೆ. ಹೊರಬಂದವರನ್ನೆಲ್ಲ ತಡೆದೆ. "ಅನ್ನಾ, ಒಕ್ಕಸಾರಿ ಮೀ ಫೋನ್ ಇಸ್ತಾರಾ?" ಅಂತ ತೆಲುಗಿನಲ್ಲಿ ಒಂದು ಕ್ಷಣಕ್ಕೆ ಫೋನು ಕೇಳಿದೆ. ಕೆಲವರು ನನ್ನನ್ನು ಮೇಲೆ ಕೆಳಗೆ ನೋಡಿದರು. ಕಲ್ಲೇಶ ನಾಚಿಕೆಯಿಂದ ಗೋಡೆ ಕಡೆ ತಿರುಗಿ ನಿಂತಿದ್ದ, ಆಮೇಲೆ ಅವನೇ ಮುಂದೆ ಬಂದು ಫೋನು ಈಸಿಕೊಡತೊಡಗಿದ.

ಹದಿಮೂರು ಫೋನು ನೋಡಿದೆ. ಹನ್ನೊಂದರಲ್ಲಿ ಸರಿ. ಒಬ್ಬ ಹಿರಿಯರು ಅಕ್ಷರವನ್ನು ಎಷ್ಟು ದೊಡ್ಡದು ಮಾಡಿಟ್ಟುಕೊಂಡಿದ್ದರೆಂದರೆ ನಂಬರು ಮುರಿದು ಎರಡು ಸಾಲಾಗಿತ್ತು. ಇನ್ನೊಂದರಲ್ಲಿ ನಿನ್ನೆ ರಾತ್ರಿ ಹೊಸದಾಗಿ ಕೆಳಗೆ ಅಂಟಿಸಿದ, ಒತ್ತಿದರೆ ನನಗೇ ಕರೆ ಬರುವ ಹಸಿರು ಬಟನ್ನು ಕೊನೆಯ ಸಾಲನ್ನು ಮುಚ್ಚಿತ್ತು: "ಮರೆವು ಇದೆ, ದಯವಿಟ್ಟು ಕೂರಿಸಿಕೊಂಡಿರಿ". ಅದೇ ಮುಖ್ಯವಾದ ಸಾಲು. ಗೇಟಿನ ಬದಿಯ ಕಟ್ಟೆ ಮೇಲೆ ಕೂತು ಕೃಪಾಳನ್ನು ಕೇಳಿ ಕೇಳಿ ಎರಡನ್ನೂ ತಿದ್ದಿದೆ. ಕೆಳಗೆ ಬಟನ್ನಿನಷ್ಟು ಜಾಗ ಖಾಲಿ ಬಿಡಬೇಕು, ಇಷ್ಟೇ. ಇಷ್ಟೇ ಇದ್ದದ್ದು.

ಕನ್ನಡವನ್ನು ಮೇಲೆ ತಂದೆ, ತೆಲುಗು ಕೆಳಗೆ. ಅಂಬವ್ವನಿಗೆ ಲಿಂಕ್ ಕಳಿಸಿದೆ. "ಈಗ ನಂಬರ ಐತಿ ಬೇ. ಎಲ್ಲಾ ಶೆಡ್ಡಿಗೂ ಹಾಕತೀನಿ" ಅಂದಳು.

ಫೆಬ್ರವರಿ 21, ಶುಕ್ರವಾರ

ಕರೆಗಳು ಬರುತ್ತಿವೆ. ಆರು. ಎಲ್ಲ ಬೇರೆ ಯಾರೋ ಮುದುಕರು. ಒಬ್ಬರು ಸುಮ್ಮನೆ ಬಟನ್ ಒತ್ತಿ ನೋಡಿದೆ ಅಂದರು. ಬೈಯಲಿಲ್ಲ. ಧನ್ಯವಾದ ಹೇಳಿದೆ.

ಹದಿನೈದು ದಿನ. ಎಲ್ಲಿ ಉಂಡ, ಎಲ್ಲಿ ಮಲಗಿದ? ಬಿಸಿಲು ಏರುತ್ತಿದೆ. ಕಲ್ಲೇಶ ಸಮಾಧಾನ ಹೇಳುವುದನ್ನು ನಿಲ್ಲಿಸಿದ್ದಾನೆ. ನನಗೆ ಅದೇ ಹೆದರಿಕೆ.

ಫೆಬ್ರವರಿ 22, ಶನಿವಾರ. 12.10

ಆಟೋದಲ್ಲಿ ಬರೆಯುತ್ತಿದ್ದೇನೆ. ಬರೆಯದಿದ್ದರೆ ಕಿರುಚಿಬಿಡುತ್ತೇನೆ.

11.35ಕ್ಕೆ ಫೋನ್ ಬಂತು. ಗೊತ್ತಿಲ್ಲದ ನಂಬರು. ಯಾರ್ರಿ ಅಂದೆ.

"ನಾನವ್ವ. ಇಲ್ಲೊಬ್ಬ ಮನಷ್ಯಾ ಕಳದಾನಂತ ಫೋನಿನ್ಯಾಗ ತೋರಸ್ಯಾರ. ಹಸರ ಗುಂಡಿ ಇತ್ತು, ಒತ್ತೀನಿ. ಸಿಕ್ಕನೇನ ಪಾಪ ಅಂವ?"

ಅಪ್ಪ. ಅಪ್ಪನ ದನಿ.

"ಅಪ್ಪಾ!" ಅಂದೆ. ಪ್ರೆಸ್ಸಿನವರೆಲ್ಲ ಎದ್ದುನಿಂತರು.

"ಓ, ನಿಮ್ಮಪ್ಪ ಏನವ್ವ ಅಂವ? ಭಾಳ ವಯಸ್ಸಾದಂಗ ಕಾಣತೈತಿ. ಅಂಥವನ್ನ ಒಬ್ಬನ್ನ ಬಿಟ್ಟು ಹೋಗಬಾರದವ್ವ."

ನಾನು ಕೇಳಿದೆ, ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ, ಅವರಿಗೆ ಕೊಡ್ರಿ.

"ಅಕ್ಕಾರ, ನಾ ಮೌನಪ್ಪ. ಈ ಶೆಡ್ಡಿನ ಮೇಸ್ತ್ರಿ, ಮುಕದ್ದಮ. ಮುತ್ಯಾ ವಾರದಿಂದ ನಮ್ಮ ಕೂಡನ ಉಣಾಕತ್ಯಾರ. ನಮ್ಮ ಕಡೆ ಮಾತು, ಕರಣಿ ಹಿಡದ್ರ ಕೈ ಪಳಗಿದ ಕೈ, ಯಾರೋ ಒಬ್ಬರ ಅಪ್ಪ ಇರಬೇಕಂತ ಎಲ್ಲಾರೂ ತಿಳಕೊಂಡಿದ್ವಿ. ಲಿಂಕ್ ಈಗ ಬಂತ್ರಿ. ಇದು ನೀವಽ ಹೌದಲ್ಲೇನು ನೋಡ್ರಿ ಅಂತ ಕೈಯಾಗ ಕೊಟ್ಟೆ. ಅಲ್ಲ ಅಂದ್ರು. ಅಷ್ಟರಾಗ ಒತ್ತಿಬಿಟ್ರು."

ಗಚ್ಚಿಬೌಲಿ ದಾಟಿ, ಹೊಸ ಟವರಿನ ಹಿಂದಿನ ಗೇಟು ಅಂತ ಜಾಗ ಹೇಳಿದ. ಕೂರಿಸಿಕೊಂಡಿರಿ, ಕೈ ಬಿಡಬೇಡಿ, ಫೋನ್ ಇಡಬೇಡಿ ಅಂದೆ. ಮಾಲಕರು ತಮ್ಮ ಫೋನಿನಿಂದ ಕಲ್ಲೇಶನಿಗೆ ತಿಳಿಸಿದರು, ಅವನು ಫ್ಯಾಕ್ಟರಿಯಿಂದಲೇ ಆ ಕಡೆ ಹೊರಟಿದ್ದಾನೆ. ನನ್ನ ಆಟೋ ಟ್ರಾಫಿಕ್ಕಿನಲ್ಲಿ ತೆವಳುತ್ತಿದೆ. ಎಲ್ಲ ಕಾರುಗಳಲ್ಲೂ ಒಬ್ಬೊಬ್ಬರೇ ಕೂತಿದ್ದಾರೆ.

12.40

ಲೈನು ಇನ್ನೂ ಇದೆ. ಅಪ್ಪನೇ ಮತ್ತೆ ಫೋನ್ ಈಸಿಕೊಂಡ.

"ಅವ್ವ, ಅಳಾಕತ್ತಿಯೇನ? ಅಳಬ್ಯಾಡ. ಏನಾತು, ಸಿಕ್ಕನೇನ ನಿಮ್ಮಪ್ಪ?"

"ಸಿಕ್ಕಾನ್ರಿ," ಅಂದೆ.

"ಛಲೋ ಆತು ಬಿಡು. ಉಂಡಾನೇನ ಕೇಳು ಮದಲ. ಎಲ್ಲಿದ್ದನಂತ?"

ಮುಂದಿನ ಸಿಗ್ನಲ್ ದಾಟಿದರೆ ಟವರು ಕಾಣುತ್ತದೆ ಅಂತಿದ್ದಾನೆ ಆಟೋದವನು. ಅಪ್ಪ ಮತ್ತೆ ಕೇಳುತ್ತಿದ್ದಾನೆ, ಎಲ್ಲಿದ್ದನವ್ವ ಇಷ್ಟು ದಿನ, ನಾನು ಅಂದೆ, ಅಪ್ಪಾ, ಅಲ್ಲೇ ಕೂತಿರು, ನಾನು ಬಂದೆ. ಸಿಗ್ನಲ್ ಬಿಟ್ಟಿತು, ಟವರು ಕಾಣುತ್ತಿದೆ.