ಚುಚ್ಚಿದವನ ಸಾಕ್ಷಿ

ಪೆನ್ಸಿಲ್ವೇನಿಯಾ, ಫೆಬ್ರುವರಿ ೧೮೩೩

ಮಾನ್ಯ ನ್ಯಾಯಾಧೀಶರಿಗೆ ಮುದುಕ ಜೋಥಮ್ ಪೆಟಿಂಗಿಲ್‌ನ ವಂದನೆಗಳು.

ಇಂಗ್ಲೆಂಡಿನ ರಾಜನ ವಿರುದ್ಧ ನಾನು ಹೋರಾಡಿದ್ದನ್ನು ಕಣ್ಣಾರೆ ಕಂಡವರು ಪ್ರಮಾಣ ಮಾಡದೆ ಪಿಂಚಣಿ ಇಲ್ಲ ಎಂದಿರಿ. ನನ್ನ ದಳದವರೆಲ್ಲ ಮಣ್ಣು ಸೇರಿದ್ದಾರೆ. ಕಂಡವರಲ್ಲಿ ಉಳಿದವನು ಒಬ್ಬನೇ, ರಾಜನ ಕೂಲಿಗೆ ಬಂದಿದ್ದ ಜರ್ಮನ್ ಸಿಪಾಯಿ ಕೊನ್ರಾಡ್. ಬ್ರಾಂಡಿವೈನ್ ಹೊಳೆಯ ಬಳಿ ನನ್ನ ಪಕ್ಕೆಗೆ ಬಂದೂಕಿನ ತುದಿಯ ಬಾಕು ಚುಚ್ಚಿದವನು ಅವನೇ. ಮುಂದೆ ಸೆರೆಸಿಕ್ಕು, ಇಲ್ಲೇ ನೆಲೆನಿಂತು, ನನ್ನ ತಂಗಿಯನ್ನು ಮದುವೆಯಾದ.

ಹೋದ ವಾರ ಅವನನ್ನು ನಿಮ್ಮ ಕಚೇರಿಗೆ ಕರೆತಂದಾಗ ನಿಮ್ಮ ಗುಮಾಸ್ತ, "ಶತ್ರು ಸಾಕ್ಷಿ ನಡೆಯಲ್ಲ, ತಾತ" ಎಂದು ನಕ್ಕ.

ಕೊನ್ರಾಡ್ ರೇಗಿಬಿಟ್ಟ. "ಇವನ ಅಂಗಿ ಎತ್ತಿ ನೋಡಯ್ಯ! ಚುಚ್ಚಿದೋನು ನಾನು. ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?"

ವಾಪಸು ಬರುವಾಗ ಹಿಮದಲ್ಲಿ ನೆನೆದು ಹಾಸಿಗೆ ಹಿಡಿದಿದ್ದಾನೆ. ದಯವಿಟ್ಟು ಬೈಬಲ್ ಹಿಡಿದು ನೀವೇ ಇಲ್ಲಿಗೆ ಬರಬೇಕು. ಉಸಿರಾಡಲು ಒದ್ದಾಡುತ್ತಿದ್ದರೂ ದಿನವೂ, "ಜಡ್ಜು ಬಂದ್ರಾ, ಭಾವ?" ಎಂದು ಕೇಳುತ್ತಾನೆ. "ದಾರೀಲಿದಾರೆ ಕಣೋ" ಎಂದು ಸುಳ್ಳು ಹೇಳುತ್ತೇನೆ.

ಇವತ್ತು ಬೆಳಗಿನಿಂದ ಅವನು ಕೇಳಿಲ್ಲ.

ನಿಮ್ಮ ದಾರಿ ಕಾಯುತ್ತಿರುವ,
ಜೋಥಮ್ ಪೆಟಿಂಗಿಲ್