ಕ್ಲಚ್ಚಿನ ಮೇಲಿದ್ದ ಮರದ ತುಂಡು

ಮಾರ್ಚ್ ೯, ಸೋಮವಾರ

ಫೋನ್ ಎತ್ತದ ನನ್ನ ಅಮ್ಮನಿಗೆ,

ಫೋನ್ ಮಾಡಿದಾಗಲೆಲ್ಲ ಅಕ್ಕ ಎತ್ತಿ, "ಅಮ್ಮ ಮಲಗಿದಾಳೆ ಕಣೇ" ಎನ್ನುತ್ತಾಳೆ. ಇಷ್ಟೊಂದು ನಿದ್ದೆ ನೀನು ಜನ್ಮದಲ್ಲಿ ಮಾಡಿದವಳಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಓದದೆ ಮಡಚಿ ಇಡಬೇಡ.

ಶನಿವಾರ ಹಳೆ ಕಾರುಗಳ ಪ್ರದರ್ಶನದಿಂದ ನೀನು ಯಾರಿಗೂ ಹೇಳದೆ ಬಸ್ಸು ಹತ್ತಿ ಹೋದೆ. ಬಿಸಿಲಿಗೆ ತಲೆ ಸುತ್ತಿರಬೇಕು ಎಂದು ಮನೆಯಲ್ಲಿ ಎಲ್ಲರಿಗೂ ನಾನೇ ಹೇಳಿದೆ. ಕಾರಣ ಬಿಸಿಲಲ್ಲ ಎಂದು ನನಗೂ ಗೊತ್ತು, ನಿನಗೂ ಗೊತ್ತು. ಕಾರಿನ ಸುತ್ತ ಕಟ್ಟಿದ್ದ ಹಗ್ಗದ ಆಚೆ ನಿಂತು ನೀನು ಎಷ್ಟು ಕೇಳಿಸಿಕೊಂಡೆ ಎಂಬುದೊಂದೇ ಗೊತ್ತಿಲ್ಲ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ.

ನಿನ್ನ ಕಾರನ್ನು ನಾನು ಚೆನ್ನಾಗಿಯೇ ನೋಡಿಕೊಂಡಿದ್ದೇನೆ. ಬಣ್ಣದಂಗಡಿಯವನು "ಎರಡು ಕೋಟ್ ಹೊಡೆದ್ರೆ ಮದುಮಗಳ ಥರ ಆಗುತ್ತೆ ಮೇಡಂ" ಎಂದಾಗ, ಅವನನ್ನು ಅಲ್ಲೇ ನಿಲ್ಲಿಸಿಕೊಂಡು ಪಾಠ ಮಾಡಿದ್ದೆ. ಕಾರ್ಖಾನೆಯಲ್ಲಿ ಬಳಿದ ಬಣ್ಣ ಇದು, ಹೋದಲ್ಲಿ ಹೋಗಿರಲಿ, ಉಳಿದದ್ದಕ್ಕೆ ಮೇಣ ಹಚ್ಚಿ ಕಾಪಾಡಬೇಕು, ಒಂದೊಂದು ಗೀರಿನಲ್ಲೂ ಓಡಿಸಿದವರ ಬದುಕಿದೆ ಎಂದೆಲ್ಲ. ಅವನು ತಲೆ ಕೆರೆದುಕೊಂಡು, "ಹಂಗಾದ್ರೆ ಒರೆಸೋ ಬಟ್ಟೆ ಕೊಡ್ಲಾ?" ಎಂದು ಕೇಳಿದ. ಕಿಟಕಿಯ ಅಂಚಿನಲ್ಲಿ ನಿನ್ನ ಮೊಣಕೈ ಊರಿ ಊರಿ ತಗಡು ಕಂಡ ಜಾಗ, ಸ್ಟೀರಿಂಗಿನ ಮೇಲೆ ನಿನ್ನ ಬಳೆ ಉಜ್ಜಿದ ಗೆರೆಗಳು, ಯಾವುದನ್ನೂ ನಾನು ಮುಟ್ಟಿರಲಿಲ್ಲ.

ಒಂದನ್ನು ಬಿಟ್ಟು.

ಮದುವೆಯ ಮಾತುಕತೆಯಲ್ಲಿ, ಅಪ್ಪನಿಗೆ ಪೀಠೋಪಕರಣದ ಅಂಗಡಿ ಇತ್ತು, ಓಡಾಟಕ್ಕೆ ಈ ಕಾರು ಇತ್ತು ಎಂದು ಅತ್ತೆಗೆ ಹೇಳಿದ್ದು ನಾನೇ. ಅಪ್ಪ ಬೇರೆಯವರ ಅಂಗಡಿಯಲ್ಲಿ ಬಡಗಿಯಾಗಿದ್ದ, ಸ್ಟೇಷನ್ನಿಗೂ ಆಸ್ಪತ್ರೆಗೂ ಇದೇ ಕಾರನ್ನು ಬಾಡಿಗೆಗೆ ಓಡಿಸಿ ಮನೆ ನಡೆಸಿದ್ದು ಅಮ್ಮ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಪ್ರದರ್ಶನಕ್ಕೆ ಅತ್ತೆ ತಮ್ಮ ತಂಗಿಯನ್ನೂ ಕರೆದುಕೊಂಡು ಬರುತ್ತಾರೆ ಎಂದು ಗೊತ್ತಾದಾಗ, ಹೊರಡುವ ಹಿಂದಿನ ಸಂಜೆ ಶೆಡ್ಡಿಗೆ ಹೋಗಿ ನಿನ್ನ ಕಾಲು ಎಟುಕಲೆಂದು ಕ್ಲಚ್ ಪೆಡಲ್ ಮೇಲೆ ಕೂರಿಸಿದ್ದ ಮರದ ತುಂಡನ್ನು ಬಿಚ್ಚಿದೆ. ಆರಡಿಯ ಅಪ್ಪನಿಗೆ ಕಾಲು ಎಟುಕಿಸಲು ಮರದ ತುಂಡು ಯಾಕೆ ಎಂದು ಯಾರಾದರೂ ಕೇಳಿಯಾರು ಎಂಬ ಭಯ. ಬೆಳಿಗ್ಗೆ ನೀನು ನನ್ನ ಪಕ್ಕ ಹತ್ತಿ ಕೂತು "ತುಂಡೆಲ್ಲೇ?" ಎಂದೆ. ಎಲ್ಲೋ ಬಿದ್ದುಹೋಯಿತು ಎಂದೆ ನಾನು. ನೀನು ಮತ್ತೆ ಕೇಳಲಿಲ್ಲ.

ಮಾಲೀಕರ ಕಡೆಯವರಿಗೆಂದು ಕೊಟ್ಟ ಬಿಲ್ಲೆಗಳನ್ನು ಅತ್ತೆಗೂ ಅವರ ತಂಗಿಗೂ ಚುಚ್ಚಿದೆ. ನಿನಗೆ ಉಳಿಯಲಿಲ್ಲ ಎಂದೆ. ನನ್ನ ಎದೆಯ ಮೇಲೊಂದು ಇತ್ತಲ್ಲ, ಅದನ್ನು ಕೊಡಬಹುದಿತ್ತು.

ತೀರ್ಪುಗಾರರು ಬಿಳಿ ಮೀಸೆಯ ಹಿರಿಯರು. ಕಾರಿನ ಸುತ್ತ ಒಂದು ಸುತ್ತು ಬಂದು, ಏನನ್ನೂ ಮುಟ್ಟದೆ, ಮುಂದಿನ ಸೀಟನ್ನೇ ನೋಡುತ್ತಾ ನಿಂತರು. "ಸೀಟು ಪೂರ್ತಿ ಮುಂದಕ್ಕಿದೆ, ಅಲ್ಲೇ ತುಕ್ಕು ಹಿಡಿದು ಕೂತಿದೆ. ಯಾರು ಓಡಿಸ್ತಿದ್ರು ಮೇಡಂ?"

"ನಮ್ಮ ತಂದೆ" ಎಂದೆ.

"ಗಿಡ್ಡ ಇದ್ರಾ?"

ಅತ್ತೆ ನನ್ನ ಪಕ್ಕದಲ್ಲೇ ಇದ್ದರು. "ಹೌದು ಸಾರ್, ಸ್ವಲ್ಪ ಗಿಡ್ಡ" ಎಂದೆ.

"ಬಳೆ ಹಾಕ್ಕೊಳ್ತಿದ್ರಾ?" ಎಂದು ಅವರು ಸ್ಟೀರಿಂಗಿನ ಗೆರೆಗಳನ್ನು ತೋರಿಸಿ ನಗದೆ ಕೇಳಿದರು. ನಾನು, ಅದು ಗಡಿಯಾರದ ಪಟ್ಟಿ ಉಜ್ಜಿದ್ದು ಎಂದೆ. ಆಮೇಲೆ ಅವರು ಬಗ್ಗಿ ಪೆಡಲ್‌ಗಳಿಗೆ ಟಾರ್ಚ್ ಹಾಕಿದರು. ಬ್ರೇಕಿನ ರಬ್ಬರು ಸವೆದು ನುಣ್ಣಗಾಗಿದೆ. ಕ್ಲಚ್ಚಿನ ರಬ್ಬರಿನ ಗೆರೆಗಳು ಮಾತ್ರ ನಿನ್ನೆ ತಂದಷ್ಟು ಹೊಸದು, ಅದರಲ್ಲಿ ಎರಡು ತಿರುಪಿನ ತೂತು. "ಇಲ್ಲೇನೋ ಇತ್ತು, ಈಗಷ್ಟೇ ಕಿತ್ತಿದೀರಿ" ಎಂದರು. ಅವರು ತಲೆಯೆತ್ತಿ, ಹಗ್ಗಕ್ಕೆ ಕೈಯಿಟ್ಟು ಅದೇ ಪೆಡಲನ್ನು ನೋಡುತ್ತಿದ್ದ ನಿನ್ನನ್ನು ಕಂಡು, "ಆ ಅಮ್ಮ ಯಾರು?" ಎಂದು ಕೇಳಿದರು.

"ನಮಗೆ ಗೊತ್ತಿರೋರು" ಎಂದೆ.

ಇದನ್ನು ಬರೆಯಲು ಬೆಳಿಗ್ಗೆಯಿಂದ ಎಷ್ಟು ಹಾಳೆ ಹರಿದೆನೋ. ಬೇರೆ ರೀತಿಯಲ್ಲಿ ಬರೆದರೂ ಮಾತು ಅದೇ ಉಳಿಯುತ್ತದೆ. ನೀನು ಸೆರಗು ಸರಿಮಾಡಿಕೊಂಡು ಹಿಂದೆ ಸರಿದೆ. ಅಷ್ಟು ನೋಡಿದೆ. ಆಮೇಲೆ ನಿನ್ನ ಕಡೆ ನೋಡುವ ಧೈರ್ಯ ಬರಲಿಲ್ಲ.

ಬಹುಮಾನ ಬರಲಿಲ್ಲ. ಯಾಕೆ ಎಂದು ನಿನ್ನ ಅಳಿಯ ಕೇಳಿದ್ದಕ್ಕೆ ತೀರ್ಪುಗಾರರು, "ಸವೆದಿದ್ದು ತಪ್ಪಲ್ಲ ಸಾರ್, ಮರೆಮಾಚಿದ್ದು ತಪ್ಪು" ಎಂದು ಹೇಳಿ ಮುಂದಿನ ಕಾರಿಗೆ ನಡೆದರು. ನಿನ್ನನ್ನು ಹುಡುಕಿಕೊಂಡು ಗೇಟಿಗೆ ಓಡಿದೆ. ಅಲ್ಲಿದ್ದ ಕಾವಲುಗಾರ, "ಈಗ ತಾನೇ ಹೋದ್ರು. ಏನೋ ಅಂತಾ ಇದ್ರು, ನಮ್ಮನೆಯವರು ಸತ್ತ ಮೇಲೆ ಕುಳ್ಳಗಾಗ್ಬಿಟ್ರು ಕಣಪ್ಪ ಅಂತ. ಏನ್ ಕಾಯಿಲೆ ಮೇಡಂ ಅವರಿಗೆ?" ಎಂದು ಕನಿಕರದಿಂದ ಕೇಳಿದ. ನನಗೆ ನಗು ಬಂತು. ನಗು ಬಂದದ್ದಕ್ಕೇ ಅಳು ಬಂತು.

ನೀನು ಎಲ್ಲವನ್ನೂ ಕೇಳಿಸಿಕೊಂಡಿದ್ದೀಯ ಎಂದು ಆಗ ಖಚಿತವಾಯಿತು. ಮೇಲೆ "ಗೊತ್ತಿಲ್ಲ" ಎಂದು ಬರೆದದ್ದು ನನ್ನ ಸಮಾಧಾನಕ್ಕೆ. ಹೊಡೆದು ಹಾಕುವುದಿಲ್ಲ, ಹಾಗೇ ಇರಲಿ.

ಇವತ್ತು ತಿಂಡಿಯ ಹೊತ್ತಿಗೆ ಅತ್ತೆಗೆ ನಿಜ ಹೇಳಿದೆ. ಓಡಿಸುತ್ತಿದ್ದದ್ದು ಅಮ್ಮ, ಬಾಡಿಗೆಗೆ, ಅಪ್ಪನಿಗೆ ಡ್ರೈವಿಂಗೇ ಬರುತ್ತಿರಲಿಲ್ಲ ಎಂದು. ಪಕ್ಕದಲ್ಲಿ ಕೂತರೂ ಅಪ್ಪ ಬಾಗಿಲಿನ ಹಿಡಿ ಬಿಡುತ್ತಿರಲಿಲ್ಲ, ನೆನಪಿದೆಯಾ? ಅತ್ತೆ ಲೋಟ ಕೆಳಗಿಟ್ಟು ಒಳಗೆ ಹೋದರು. ನಿನ್ನ ಅಳಿಯ "ಇಷ್ಟು ವರ್ಷ ನನಗೂ ಹೇಳ್ಲಿಲ್ವಲ್ಲ" ಎಂದರು. ಅವರ ಮುಖ ನೋಡಲು ಆಗುತ್ತಿಲ್ಲ.

ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ. ಫೋನ್ ಎತ್ತಿ ಎರಡು ಮಾತು ಬೈದುಬಿಡು, ಸಾಕು.

ಅಳು ಹಾರ್ನಿನ ಹಾಗಿದೆ ಎಂದು ಹೆರಿಗೆ ಕೋಣೆಯಲ್ಲೇ ನೀನು ಹೆಸರಿಟ್ಟ,
ಹಾರ್ನಮ್ಮ

ತಾ.ಕ.: ಮರದ ತುಂಡು ಬಿದ್ದುಹೋಗಿರಲಿಲ್ಲ ಅಮ್ಮ. ನೀನು ಪಕ್ಕದಲ್ಲಿ ಕೂತು ಕೇಳಿದಾಗ ನನ್ನ ಕೈಚೀಲದಲ್ಲೇ ಇತ್ತು. ನಿನ್ನೆ ಹೊರಗೆ ತೆಗೆದು ಮೊದಲ ಬಾರಿಗೆ ತಿರುಗಿಸಿ ನೋಡಿದೆ. ಅಡಿಯಲ್ಲಿ ಬಡಗಿ ಪೆನ್ಸಿಲ್ಲಿನಿಂದ ನಿನ್ನ ಪಾದದ ಸುತ್ತ ಎಳೆದ ಗೆರೆ ಇದೆ, ಹೆಬ್ಬೆರಳಿನ ಹತ್ತಿರ ಸ್ವಲ್ಪ ನಡುಗಿದೆ. ಅಪ್ಪ ಅಳತೆ ತೆಗೆಯುವಾಗ ಕಚಗುಳಿಯಾಗಿ ನೀನು ಕಾಲು ಎಳೆದುಕೊಂಡಿರಬೇಕು. ಕಾರು ಅಪ್ಪನದು ಎಂದು ತೋರಿಸಲು ಹೋಗಿ, ಅದರಲ್ಲಿ ಅಪ್ಪನದು ಅಂತ ಇದ್ದ ಒಂದೇ ವಸ್ತುವನ್ನು ಕಿತ್ತಿದ್ದೆ. ಹಳೆಯ ತಿರುಪುಗಳಿಂದಲೇ ಮತ್ತೆ ಕೂರಿಸಿದ್ದೇನೆ. ಎಡಕ್ಕೆ ಸ್ವಲ್ಪ ವಾಲಿದೆ. ಸರಿಯಾಗಿದೆಯೋ ಇಲ್ಲವೋ ನಿನ್ನ ಕಾಲಿಗೇ ಗೊತ್ತಾಗಬೇಕು.